ಸ್ತನ ಕ್ಯಾನ್ಸರ್ ಬಳಿಕ ಅಂಡಾಶಯ ತೆಗೆಸಬೇಕೇ? ನಿರ್ಧಾರಕ್ಕೆ ಮುನ್ನ ತಿಳಿದುಕೊಳ್ಳಬೇಕಾದದ್ದು

ನಮ್ಮ ಮಲೆನಾಡಿನ ಮನೆಗಳಲ್ಲಿ ‘ಗರ್ಭಕೋಶ ತೆಗೆಸಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಮೂರು ಅಂಗಗಳ ಕಥೆ ಮುಗಿದುಹೋಗುತ್ತದೆ. ಗರ್ಭಕೋಶವೊಂದೇ ಹೋಯಿತೇ, ಇಕ್ಕೆಲದ ಅಂಡನಾಳಗಳೂ ಹೋದವೇ, ಅಂಡಾಶಯಗಳು ಉಳಿದಿವೆಯೇ ಎಂದು ಕೇಳಿದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಅಂಡಾಶಯ ತೆಗೆಸುವ ಬಗ್ಗೆ ಯೋಚಿಸುತ್ತಿರುವವರು, ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಏನಾದರೂ ಆಗಿದ್ದರೆ, ಮೊದಲು ಅದರ ಡಿಸ್ಚಾರ್ಜ್ ಸಮ್ಮರಿಯನ್ನು ಹುಡುಕಿ ತೆಗೆಯಬೇಕು. ಅದರ ಪಕ್ಕದಲ್ಲಿ ಸ್ತನದ ಬಯಾಪ್ಸಿ ವರದಿಯನ್ನು ಇಟ್ಟುಕೊಳ್ಳಬೇಕು. ಮುಂದಿನ ಮಾತುಕತೆಯೆಲ್ಲ ಈ ಕಾಗದಗಳ ಮೇಲೆಯೇ ನಡೆಯುತ್ತದೆ.

ವೈದ್ಯರು ಅಂಡಾಶಯ ತೆಗೆಸುವ ಮಾತೆತ್ತಿದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಮೊದಲನೆಯದು ವಂಶವಾಹಿಯ ದೋಷ. ಇಲ್ಲಿ ಉದ್ದೇಶ ಮುಂದೆ ಬರಬಹುದಾದ ಅಂಡಾಶಯದ ಕ್ಯಾನ್ಸರನ್ನು ತಡೆಯುವುದು. ಎರಡನೆಯದು ಹಾರ್ಮೋನು, ಸ್ತನದ ಗಡ್ಡೆ ಈಸ್ಟ್ರೋಜನ್ ಬಲದಿಂದ ಬೆಳೆಯುವ ಬಗೆಯದಾಗಿದ್ದು ಇನ್ನೂ ಮುಟ್ಟು ನಿಲ್ಲದ ವಯಸ್ಸಾಗಿದ್ದರೆ, ಆ ಹಾರ್ಮೋನಿನ ಮೂಲವನ್ನೇ ನಿಲ್ಲಿಸಿ ಸ್ತನ ಕ್ಯಾನ್ಸರ್ ಮರುಕಳಿಸದಂತೆ ನೋಡಿಕೊಳ್ಳುವುದು. ಕೆಲವರಿಗೆ ಎರಡೂ ಕಾರಣಗಳಿರುತ್ತವೆ, ಬಹಳ ಮಂದಿಗೆ ಎರಡೂ ಇರುವುದಿಲ್ಲ. ‘ಒಂದು ಕಡೆ ಬಂದದ್ದು ಇನ್ನೊಂದು ಕಡೆಯೂ ಬರಬಹುದು’ ಎಂಬ ಭಯವೊಂದರಿಂದಲೇ ಆರೋಗ್ಯವಾಗಿರುವ ಅಂಡಾಶಯವನ್ನು ತೆಗೆಸುವುದು ನನ್ನ ಮಟ್ಟಿಗೆ ಸರಿಯಲ್ಲ. ವೈದ್ಯಶಾಸ್ತ್ರವೂ ಅದನ್ನು ಸಲಹೆ ಮಾಡುವುದಿಲ್ಲ. ನಿಮ್ಮದು ಯಾವ ಕಾರಣ ಎಂಬುದನ್ನು ವೈದ್ಯರಿಂದ ಬರಹದಲ್ಲೇ ಪಡೆದುಕೊಳ್ಳಿ.

ವಂಶವಾಹಿಯ ವಿಚಾರ ಆರಂಭವಾಗುವುದು ಮನೆಯ ಜಗಲಿಯಲ್ಲಿ. ನನ್ನ ಅಕ್ಕನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಾಗ, ಮೂರು ತಲೆಮಾರಿನ ವಿವರ ಬೇಕೆಂದು ವೈದ್ಯರು ಹೇಳಿದರು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ನಾವು ವಂಶದ ಗೆರೆಗಳನ್ನು ಎಳೆದೆವು. ಅಮ್ಮನ ಕಡೆ ಏನೂ ಸಿಗಲಿಲ್ಲ. ಅಪ್ಪನ ತಂಗಿಯ ಬಗ್ಗೆ ಕೇಳಿದಾಗ ಎಂಬತ್ತು ದಾಟಿದ ದೊಡ್ಡಮ್ಮ, ‘ಅವಳಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು ಕಣೇ, ಬಸುರಿಯ ಹಾಗೆ ಕಾಣ್ತಿದ್ದಳು, ಮೂರು ತಿಂಗಳಲ್ಲಿ ಹೋದಳು’ ಎಂದರು. ಹೊಟ್ಟೆಯ ಗಡ್ಡೆ, ಜಲೋದರ ಎಂದು ಹಿಂದಿನವರು ಹೇಳಿ ಮುಗಿಸಿದ ಸಾವುಗಳಲ್ಲಿ ಕೆಲವಾದರೂ ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು. ತಂದೆಯ ಕಡೆಯನ್ನು ಬಿಡಬಾರದು. ಈ ದೋಷ ಗಂಡಸರ ಮೂಲಕವೂ ಅಷ್ಟೇ ಸಲೀಸಾಗಿ ಇಳಿದುಬರುತ್ತದೆ ಮತ್ತು ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ವಂಶಪಾರಂಪರ್ಯವಾದವು. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಹರ್2 ಪ್ರೋಟೀನೂ ಕಾಣದ) ಬಗೆಯದಾಗಿದ್ದರೆ, ಎರಡೂ ಸ್ತನಗಳಿಗೆ ಬಂದಿದ್ದರೆ ಅಥವಾ ರಕ್ತಸಂಬಂಧಿಗಳಲ್ಲಿ ಸ್ತನ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಇದ್ದರೆ ಬಿಆರ್‌ಸಿಎ 1, ಬಿಆರ್‌ಸಿಎ 2 ಎಂಬ ವಂಶವಾಹಿಗಳಲ್ಲಿ ದೋಷವಿದೆಯೇ ಎಂದು ನೋಡುವ ಪರೀಕ್ಷೆ ಮಾಡಿಸಬೇಕು. ಇದು ರಕ್ತ ಅಥವಾ ಜೊಲ್ಲಿನ ಪರೀಕ್ಷೆ. ವರದಿಗೆ ಕೆಲವು ವಾರ ಕಾಯಬೇಕು. ಶಿವಮೊಗ್ಗದ ಕಡೆಯವರು ಸಾಮಾನ್ಯವಾಗಿ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ಎಲ್ಲಿಗೇ ಹೋದರೂ ಪರೀಕ್ಷೆಗೆ ಮುಂಚೆ ಮತ್ತು ವರದಿ ಬಂದ ಮೇಲೆ ವಂಶವಾಹಿ ಸಲಹೆಗಾರರೊಡನೆ ಮಾತನಾಡಲು ಅವಕಾಶ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ವರದಿಯಲ್ಲಿ ದೋಷವಿದೆ, ದೋಷವಿಲ್ಲ ಎಂಬ ಎರಡು ಉತ್ತರಗಳಲ್ಲದೆ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ಮೂರನೆಯದೂ ಬರುತ್ತದೆ. ಈ ಮೂರನೆಯದನ್ನು ದೋಷವೆಂದೇ ತಿಳಿದು ಶಸ್ತ್ರಚಿಕಿತ್ಸೆಗೆ ಓಡಬಾರದು. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಮುಂದೆ ನಿರಪಾಯಕಾರಿ ಎಂದೇ ಗೊತ್ತಾಗುತ್ತವೆ.

ದೋಷ ಇದೆಯೆಂದು ಖಚಿತವಾದರೆ ಅಂಕಿಗಳು ಗಂಭೀರವಾಗುತ್ತವೆ. ಸಾಮಾನ್ಯ ಮಹಿಳೆಯರಲ್ಲಿ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವುದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಬಿಆರ್‌ಸಿಎ 1 ದೋಷವಿದ್ದರೆ ಅದು ನೂರಕ್ಕೆ ಸುಮಾರು 39–58ರಷ್ಟಾಗುತ್ತದೆ, ಬಿಆರ್‌ಸಿಎ 2 ಇದ್ದರೆ ಸುಮಾರು 13ರಿಂದ 29ರಷ್ಟಿರುತ್ತದೆ. ಆದ್ದರಿಂದ ಮೊದಲನೆಯವರಿಗೆ 35ರಿಂದ 40ರ ನಡುವೆ, ಎರಡನೆಯವರಿಗೆ 40ರಿಂದ 45ರ ನಡುವೆ, ಹೆರಿಗೆಗಳು ಮುಗಿದ ಮೇಲೆ, ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸಲು ಸಲಹೆ ಮಾಡುತ್ತಾರೆ. ‘ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಾ ಇದ್ದರೆ ಸಾಲದೇ?’ ಎಂಬುದು ಸಹಜವಾದ ಪ್ರಶ್ನೆ. ಸ್ಕ್ಯಾನಿಂಗಾಗಲಿ ಸಿಎ 125 ರಕ್ತಪರೀಕ್ಷೆಯಾಗಲಿ ಈ ಕಾಯಿಲೆಯಿಂದಾಗುವ ಸಾವನ್ನು ತಗ್ಗಿಸಿರುವುದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಶಸ್ತ್ರಚಿಕಿತ್ಸೆಯಿಂದ ಅಪಾಯ ಸುಮಾರು ಶೇಕಡಾ 80ರಷ್ಟು ಇಳಿಯುತ್ತದೆ. ಪೂರ್ತಿ ಅಳಿಯುವುದಿಲ್ಲ, ಏಕೆಂದರೆ ಹೊಟ್ಟೆಯ ಒಳಪೊರೆಯಲ್ಲಿ ಅದೇ ಬಗೆಯ ಕ್ಯಾನ್ಸರ್ ಬರುವ ಸಣ್ಣ ಸಾಧ್ಯತೆ ಉಳಿದೇ ಇರುತ್ತದೆ. ಇನ್ನೂ ಮಕ್ಕಳು ಬೇಕೆನ್ನುವವರು ಅಂಡಾಣುಗಳನ್ನು ಶೈತ್ಯೀಕರಿಸಿ ಇಡುವ ಬಗ್ಗೆ ಕೀಮೋ ಆರಂಭವಾಗುವ ಮುನ್ನವೇ ಕೇಳಬೇಕಾಗುತ್ತದೆ.

ಹಾರ್ಮೋನಿನ ಕಾರಣಕ್ಕಾದರೆ ಲೆಕ್ಕಾಚಾರ ಬೇರೆ. ಈಆರ್ ಪಾಸಿಟಿವ್ (ಈಸ್ಟ್ರೋಜನ್‌ಗೆ ಸ್ಪಂದಿಸುವ ಗಡ್ಡೆ) ಎಂದು ವರದಿಯಲ್ಲಿದ್ದವರಿಗೆ ಅಂಡಾಶಯಗಳನ್ನು ಚುಚ್ಚುಮದ್ದಿನಿಂದಲೂ ಮಲಗಿಸಿಡಬಹುದು. ಗೋಸೆರೆಲಿನ್ ಎಂಬುದನ್ನು 28 ದಿನಗಳಿಗೊಮ್ಮೆ ಹೊಟ್ಟೆಯ ಚರ್ಮದಡಿ ಕೊಡುತ್ತಾರೆ. ಇದರ ದೊಡ್ಡ ಅನುಕೂಲವೆಂದರೆ ನಿಲ್ಲಿಸಿದರೆ ಅಂಡಾಶಯ ಬಹುಮಟ್ಟಿಗೆ ಮತ್ತೆ ಕೆಲಸ ಆರಂಭಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹಿಂದಿರುಗುವ ದಾರಿಯಿಲ್ಲ. ಮುಟ್ಟು ಥಟ್ಟನೆ ನಿಂತರೆ ದೇಹ ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ಆರು ತಿಂಗಳು ಚುಚ್ಚುಮದ್ದಿನಲ್ಲಿ ನೋಡಿ, ಆಮೇಲೆ ನಿರ್ಧರಿಸುವುದು ವಿವೇಕದ ಕ್ರಮವೆಂದು ನನಗನ್ನಿಸುತ್ತದೆ. ಆದರೆ ಸುರಿಯುವ ಮಳೆಯಲ್ಲಿ ತಿಂಗಳು ತಿಂಗಳೂ ಆಗುಂಬೆ ಘಾಟಿ ಇಳಿದು ಹೋಗಿಬರುವವರಿಗೆ ಒಂದೇ ಸಲ ಮುಗಿಸಿಬಿಡುವುದು ಸುಲಭವೆನಿಸಿದರೆ ಅದನ್ನೂ ತಪ್ಪೆನ್ನಲಾಗದು. ಎರಡು ಎಚ್ಚರಿಕೆಗಳಿವೆ: ವಂಶವಾಹಿಯ ದೋಷವಿದ್ದವರು ಈ ಚುಚ್ಚುಮದ್ದನ್ನು ಅಂಡಾಶಯದ ಕ್ಯಾನ್ಸರ್‌ನಿಂದ ರಕ್ಷಣೆಯೆಂದು ನೆಚ್ಚಿಕೊಳ್ಳಬಾರದು, ಕೀಮೋದಿಂದ ಮುಟ್ಟು ನಿಂತವರು ಅಂಡಾಶಯವೇ ಸತ್ತಿದೆಯೆಂದು ತಿಳಿಯಬಾರದು, ಅದು ತಿಂಗಳುಗಳ ಬಳಿಕ ಎಚ್ಚರಗೊಳ್ಳುವುದುಂಟು.

ಶಸ್ತ್ರಚಿಕಿತ್ಸೆ ಈಗ ಹೆಚ್ಚಾಗಿ ಲ್ಯಾಪರೊಸ್ಕೋಪಿಯಲ್ಲಿ, ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಕೆಲವು ಸಣ್ಣ ರಂಧ್ರಗಳ ಮೂಲಕ ನಡೆಯುತ್ತದೆ. ಸ್ತನದಲ್ಲಿ ಈಸ್ಟ್ರೋಜನ್ ಪ್ರಭಾವ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಿರುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುವುದರಿಂದ ಮಾತ್ರೆಯನ್ನು ನಿಲ್ಲಿಸಬೇಕೇ, ಎಷ್ಟು ದಿನ ಎಂದು ಮೊದಲೇ ಕೇಳಿ; ತಾವಾಗಿ ನಿಲ್ಲಿಸಬೇಡಿ. ಗರ್ಭಕೋಶವನ್ನೂ ಜೊತೆಗೇ ತೆಗೆಯುತ್ತೇವೆಂದರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಕಾರಣಗಳಿರಬಹುದು, ಆದರೆ ‘ಹೇಗೂ ಬೇಡವಲ್ಲ’ ಎಂಬುದು ಕಾರಣವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದ ಭಾಗಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯಲ್ಲಿ ಬಿಆರ್‌ಸಿಎ ದೋಷವಿದೆಯೆಂದು ಬರೆಸಿ. ಈ ಕ್ಯಾನ್ಸರ್‌ಗಳಲ್ಲಿ ಬಹಳಷ್ಟು ಹುಟ್ಟುವುದು ಅಂಡನಾಳದ ಜಾಲರಿಯಂಥ ತುದಿಯಲ್ಲಿ. ಆ ತುದಿಯನ್ನು ತೆಳುವಾಗಿ ಸೀಳಿ ಪೂರ್ತಿ ನೋಡಿದರೆ ಮಾತ್ರ ಅಲ್ಲಿ ಅಡಗಿರಬಹುದಾದ ಕಣದಷ್ಟು ಗಡ್ಡೆ ಸಿಗುತ್ತದೆ. ಅಕ್ಕನ ಚೀಟಿಯಲ್ಲಿ ಇದು ಬಿಟ್ಟುಹೋಗಿತ್ತು; ವಾರ್ಡಿನಲ್ಲಿ ಓದಿ ನೋಡಿದ್ದರಿಂದ ಹೇಳಿ ಸೇರಿಸಿಸಲು ಸಾಧ್ಯವಾಯಿತು.

ಮನೆಗೆ ಬಂದ ಮೇಲೆ ಗಾಯ ಬೇಗ ಮಾಯುತ್ತದೆ, ಹಾರ್ಮೋನಿನ ಕೊರತೆ ಮಾತ್ರ ಉಳಿಯುತ್ತದೆ. ಆಷಾಢದಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗಿರುವಾಗ ಅಕ್ಕ ಬೆವರಿ ಎದ್ದು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಜಗಲಿಯಲ್ಲಿ ಮಳೆಯ ಎರಚಲಿಗೆ ಮುಖವೊಡ್ಡಿ ಕುಳಿತಿರುತ್ತಿದ್ದಳು. ಸ್ತನ ಕ್ಯಾನ್ಸರ್ ಆದವರಿಗೆ ಹಾರ್ಮೋನ್ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಈ ಬಿಸಿಯೇರಿಕೆಗೆ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಬೇರೆ ಔಷಧಿಗಳಿವೆ. ಆದರೆ ಪ್ಯಾರಾಕ್ಸಿಟಿನ್ ಮತ್ತು ಫ್ಲೂಆಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೆ ಅಡ್ಡಿ ಮಾಡುವುದರಿಂದ, ಹೊಸ ಮಾತ್ರೆ ಬರೆಯುವ ಪ್ರತಿ ವೈದ್ಯರಿಗೂ ಟ್ಯಾಮಾಕ್ಸಿಫೆನ್ ವಿಷಯ ತಿಳಿಸಬೇಕು. ಮುಟ್ಟು ನಿಂತವರಿಗೆಂದು ಕೊಡುವ ನಾಟಿ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬಾರದು. ಯೋನಿಯ ಒಣಗುವಿಕೆ, ಗಂಡ-ಹೆಂಡಿರ ನಡುವಿನ ನೋವು, ಕಾರಣವಿಲ್ಲದ ಅಳು ಇವುಗಳನ್ನು ಹೇಳಿಕೊಳ್ಳಲು ನಾಚುವವರೇ ಹೆಚ್ಚು. ಹಾರ್ಮೋನಿಲ್ಲದ ಜೆಲ್ಲುಗಳು ಅಂಗಡಿಯಲ್ಲೇ ಸಿಗುತ್ತವೆ, ಕೇಳಿದರೆ ವೈದ್ಯರು ಹೇಳುತ್ತಾರೆ.

ಮೂಳೆ ಸವೆಯುವುದು ಸದ್ದಿಲ್ಲದ ತೊಂದರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ. ದಿನಕ್ಕೆ ಒಟ್ಟು 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ವಿಟಮಿನ್ ಡಿ ಮಟ್ಟವನ್ನೂ ನೋಡಿಸಬೇಕು. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬೀಳುವುದು ಇಂಥವರಿಗೆ ಸೊಂಟ ಮುರಿಯುವ ವಿಷಯವಾದ್ದರಿಂದ, ಮಳೆಗಾಲಕ್ಕೆ ಮುಂಚೆ ಬಚ್ಚಲಿಗೂ ಕೊಟ್ಟಿಗೆಗೂ ಹೋಗುವ ದಾರಿಗೆ ಅಡಿಕೆ ದಬ್ಬೆ ಹಾಸಿಸಿ. ರಕ್ತದೊತ್ತಡ, ಕೊಲೆಸ್ಟರಾಲ್ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲಿ. ಕೆಲವು ವಾರ ಹುಲ್ಲಿನ ಹೊರೆ, ನೀರಿನ ಕೊಡ ಎತ್ತುವಂತಿಲ್ಲ; ಹಾಗಾಗಿ ಅಡಿಕೆ ಕೊನೆ ಕೊಯ್ಲಿನ ಸಮಯವನ್ನು ತಪ್ಪಿಸಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಕಾರ್ಡ್ ಇದ್ದವರು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕಾಣಬೇಕು. ಕ್ಯಾನ್ಸರ್ ಇಲ್ಲದ ಅಂಗವನ್ನು ಮುನ್ನೆಚ್ಚರಿಕೆಗಾಗಿ ತೆಗೆಯುವುದಕ್ಕೆ ಅನುಮೋದನೆ ಇದೆಯೇ, ವಂಶವಾಹಿ ಪರೀಕ್ಷೆಯ ಖರ್ಚು ಸೇರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ.

ದೋಷ ಸಿಕ್ಕ ವರದಿ ಒಬ್ಬರದೇ ಆಸ್ತಿಯಲ್ಲ. ಒಡಹುಟ್ಟಿದವರು, ಹದಿನೆಂಟು ದಾಟಿದ ಮಕ್ಕಳು, ಆ ಕಡೆಯ ಚಿಕ್ಕಪ್ಪ-ಅತ್ತೆಯ ಮಕ್ಕಳು ಇಡೀ ಪರೀಕ್ಷೆ ಮಾಡಿಸಬೇಕಿಲ್ಲ. ವರದಿಯಲ್ಲಿರುವ ಆ ಒಂದು ದೋಷವನ್ನಷ್ಟೇ ಹುಡುಕಿಸಿದರೆ ಸಾಕು, ಖರ್ಚೂ ಕಡಿಮೆ. ಅಕ್ಕ ಬಸ್‌ಸ್ಟ್ಯಾಂಡ್ ಬಳಿ ತನ್ನ ವರದಿಯ ಆರು ಜೆರಾಕ್ಸ್ ಮಾಡಿಸಿದಳು. ಎರಡು ಪ್ರತಿಗಳನ್ನು ತೆಗೆದುಕೊಂಡವರು ಬೀರುವಿನಲ್ಲಿಟ್ಟು ಮರೆತಿದ್ದಾರೆ. ನನ್ನ ಪ್ರತಿಯನ್ನು ಹಿಡಿದುಕೊಂಡು ನಾನು ಮುಂದಿನ ಸೋಮವಾರವೇ ರಕ್ತ ಕೊಟ್ಟುಬಂದೆ.