ಮೂವತ್ತೈದು ವರ್ಷದ ಮೇಲೆ ಮತ್ತೆ ರೆಕಾರ್ಡರ್

ಕಳೆದ ದೀಪಾವಳಿಯಂದು ಮಲ್ಲೇಶ್ವರದ ನಮ್ಮ ಮನೆಯ ನಡುಮನೆಯಲ್ಲಿ ಕುಳಿತು ಮೋಹನ ರಾಗದ ಗೀತೆಯೊಂದನ್ನು ರೆಕಾರ್ಡರಿನಲ್ಲಿ, ಅಂದರೆ ನೇರಕ್ಕೆ ಹಿಡಿದು ತುದಿಯಿಂದ ಊದುವ ಕೊಳಲಿನಂಥ ವಾದ್ಯದಲ್ಲಿ, ಎರಡು ಕಾಲದಲ್ಲಿ (ಒಮ್ಮೆ ನಿಧಾನ, ಒಮ್ಮೆ ಅದರ ಎರಡರಷ್ಟು ವೇಗ) ನುಡಿಸಿದೆ. ಪಿಟೀಲು ಕಲಿಸುವ ನಮ್ಮ ಅತ್ತಿಗೆ ಸುಮ್ಮನೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ, “ಶ್ರುತಿ ಎಲ್ಲೂ ಏರಲಿಲ್ಲವಲ್ಲ!” ಎಂದರು. ಎರಡು ವರ್ಷದ ಹಿಂದೆ ಇದೇ ಅತ್ತಿಗೆ, “ಅದು ಮಕ್ಕಳ ಪೀಪಿ. ಈ ವಯಸ್ಸಿನಲ್ಲಿ ಕೊಳಲಾದರೂ ಹಿಡಿಯಬಾರದೇ?” ಎಂದಿದ್ದರು. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೇ ಎಂದರೂ ತಪ್ಪಿಲ್ಲ.

ಕಂಟೋನ್ಮೆಂಟ್ ಕಡೆಯ ಶಾಲೆಯಲ್ಲಿ ಐದನೆಯ ತರಗತಿಯಿಂದ ನುಡಿಸಿದವನು ನಾನು. 1987ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದೊಡನೆ ರೆಕಾರ್ಡರ್ ಅಟ್ಟ ಸೇರಿತು. ಮತ್ತೆ ಶುರು ಮಾಡಿದಾಗ ಶಾಲೆಯ ಹಳೆಯ ಹಾಡುಗಳನ್ನೇ ಎತ್ತಿಕೊಂಡದ್ದು ಮೊದಲ ತಪ್ಪು. ಬೆರಳುಗಳು ಹೇಗೋ ದಾರಿ ಕಂಡುಕೊಂಡವು. ಊದುವುದು ಮಾತ್ರ ನಲವತ್ತು ಮಕ್ಕಳ ನಡುವೆ ನನ್ನದೇ ಕೇಳಬೇಕೆಂದು ಊದುತ್ತಿದ್ದ ಹಾಗೆಯೇ ಇತ್ತು. ರೆಕಾರ್ಡರನ್ನು ಜೋರಾಗಿ ಊದಿದರೆ ಸದ್ದಿನ ಜೊತೆಗೆ ಶ್ರುತಿಯೂ ಏರುತ್ತದೆ. ನಾನು ಜಾಣತನ ತೋರಿಸಿ, ಶ್ರುತಿ ಇಳಿಸಲೆಂದು ಬಾಯಿಗಿಡುವ ತಲೆಭಾಗವನ್ನು ಎರಡು ಮಿಲಿಮೀಟರ್ ಹೊರಗೆಳೆದೆ. ಜೋರು ಊದಿದ ಕಡೆ ಶ್ರುತಿ ಕೂಡಿತು, ಮೆಲ್ಲಗೆ ಊದಿದ ಕಡೆಯೆಲ್ಲ ಕುಸಿಯಿತು. ಹೀಗೆ ಮೂರು ತಿಂಗಳು ಹಾಳಾಯಿತು.

ಇನ್ನು ದುಡ್ಡಿನ ವಿಷಯ. ವಾದ್ಯದ ಅಂಗಡಿಗಳಿರುವ ಬಳೇಪೇಟೆಯಲ್ಲಿ ಆರೇಳುನೂರಕ್ಕೆ ಒಂದು ಸೊಪ್ರಾನೊ, ಅಂದರೆ ಶಾಲೆಯ ಮಕ್ಕಳು ನುಡಿಸುವ ಚಿಕ್ಕ ರೆಕಾರ್ಡರ್, ತಂದೆ. ಮನೆಗೆ ಬಂದ ಮೇಲೆ ನೋಡಿದರೆ ಅದು ಜರ್ಮನ್ ಬೆರಳಿನದು. ನಾನು ಕಲಿತದ್ದು ಬರೋಕ್; ಎರಡರಲ್ಲೂ ಕೆಲವು ಸ್ವರಕ್ಕೆ ರಂಧ್ರ ಮುಚ್ಚುವ ಕ್ರಮ ಬೇರೆ. ಎದುರಿನ ರಂಧ್ರಗಳಲ್ಲಿ ಮೇಲಿನಿಂದ ಐದನೆಯದು ನಾಲ್ಕನೆಯದಕ್ಕಿಂತ ಚಿಕ್ಕದಿದ್ದರೆ ಅದು ಜರ್ಮನ್ ಎಂದು ಅಂಗಡಿಯಲ್ಲೇ ತಿಳಿಯಬೇಕಿತ್ತು. ಆಮೇಲೆ ಹದಿನಾಲ್ಕು ಸಾವಿರ ಸುರಿದು ಬೇರೆಯವರು ಬಳಸಿದ್ದ ಮರದ ಆಲ್ಟೊ ಕೊಂಡೆ; ಅದು ಸೊಪ್ರಾನೊಗಿಂತ ದೊಡ್ಡದು, ದನಿ ತಗ್ಗು. ಬಹಳ ದಿನ ಸುಮ್ಮನೆ ಬಿದ್ದಿದ್ದ ಮರವನ್ನು ದಿನಕ್ಕೆ ಐದು ಹತ್ತು ನಿಮಿಷದಂತೆ ಪಳಗಿಸಬೇಕು. ನಾನು ಮೊದಲ ಭಾನುವಾರವೇ ಒಂದು ಗಂಟೆ ಊದಿದೆ. ಆ ಮಾರ್ಚ್‌ನ ಒಣಹವೆಗೆ ತಲೆಭಾಗದಲ್ಲಿ ಕೂದಲೆಳೆಯಂಥ ಸೀಳು ಬಿಟ್ಟಿತು. ಅಂಟು ಹಾಕಿಸಲು ಎರಡು ಸಾವಿರ ಹೋಯಿತು, ಸೀಳು ಉಳಿಯಿತು. ಅದೀಗ ಷೋಕೇಸಿನಲ್ಲಿ ಗೊಂಬೆಗಳ ಪಕ್ಕ ಇದೆ. ದೀಪಾವಳಿಯಂದು ನುಡಿಸಿದ್ದು ಮೂರು ಸಾವಿರ ಚಿಲ್ಲರೆಯ ಪ್ಲಾಸ್ಟಿಕ್ ಆಲ್ಟೊ.

ದಾರಿ ಸಿಕ್ಕಿದ್ದು ತಂಬೂರಿಯಿಂದ. ಮೊಬೈಲಿನಲ್ಲಿ ಒಂದು ಮನೆ ಶ್ರುತಿ, ಅಂದರೆ ಪಾಶ್ಚಾತ್ಯರ ಸಿ ಸ್ವರ, ಇಟ್ಟುಕೊಂಡೆ. ಆಲ್ಟೊದಲ್ಲಿ ಸಿಯನ್ನು ಷಡ್ಜ (ಸ) ಮಾಡಿಕೊಂಡರೆ ಕೆಳಗೆ ಮಂದ್ರ ಮಧ್ಯಮ (ಮ), ಮೇಲೆ ತಾರ ಪಂಚಮ (ಪ) ಸಿಗುತ್ತದೆ. ಕೀರ್ತನೆಗೆ ಇನ್ನೇನು ಬೇಕು? ಹೆಬ್ಬೆರಳು, ಎಡಗೈಯ ಮೂರು ಬೆರಳು ಮುಚ್ಚಿದರೆ ಷಡ್ಜ. ಕೆಳಗಿನಿಂದ ಒಂದೊಂದೇ ಬೆರಳೆತ್ತಿದರೆ ಚತುಶ್ರುತಿ ರಿಷಭ (ರಿ), ಅಂತರ ಗಾಂಧಾರ (ಗ). ಆರು ವಾರ ಈ ಮೂರೇ ಸ್ವರ, ಬೆಳಿಗ್ಗೆ ಹನ್ನೆರಡು ನಿಮಿಷ. ಹಾಡು ಇಲ್ಲ. ಊದಿದ್ದು ಹೆಚ್ಚಾದರೆ ತಂಬೂರಿಯೊಡನೆ ಸ್ವರ ಅಲೆಅಲೆಯಾಗಿ ಜಗಳಾಡುತ್ತದೆ. ಸರಿಯಾದೊಡನೆ ಆ ಅಲೆ ನಿಲ್ಲುತ್ತದೆ. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಕೇಳಿಸಿರಲಿಲ್ಲ.

ಕಲಿಯುವವರಿಗೆ ಮೊದಲು ಹೇಳಿಕೊಡುವ ಮಾಯಾಮಾಳವಗೌಳ ರಾಗದಿಂದಲೇ ಶುರು ಮಾಡಬೇಕೆಂದು ಅತ್ತಿಗೆಯ ಹಟ. ಆದರೆ ಅದರ ಶುದ್ಧ ರಿಷಭಕ್ಕೆ ನಡುವೆ ಒಂದು ರಂಧ್ರ ಬಿಟ್ಟು ಕೆಳಗಿನೆರಡನ್ನು ಮುಚ್ಚಬೇಕು; ಎರಡನೆಯ ಸ್ವರಕ್ಕೇ ಬೆರಳು ಗಂಟು ಬೀಳುತ್ತದೆ. ಹಾಗಾಗಿ ಮೋಹನ ಹಿಡಿದೆ. ಅಲ್ಲೂ ಪಂಚಮದಿಂದ ಧೈವತಕ್ಕೆ (ದ) ದಾಟುವುದು ನನ್ನ ಪ್ರಾಣ ತೆಗೆಯಿತು. ಪಂಚಮದಲ್ಲಿ ಎಡಗೈಯ ನಡುಬೆರಳೊಂದು ಬಿಟ್ಟರೆ ಉಳಿದ ಬೆರಳೆಲ್ಲ ಗಾಳಿಯಲ್ಲಿ. ಧೈವತಕ್ಕೆ ಎದುರಿನ ಮೇಲಿನ ಐದು ರಂಧ್ರ ಒಟ್ಟಿಗೆ ಮುಚ್ಚಬೇಕು, ಹಿಂದಿನದು ಹೆಬ್ಬೆರಳಲ್ಲಿ ಅರೆಮುಚ್ಚಬೇಕು. ಒಂದು ಬೆರಳು ತಡವಾದರೂ ಕೀರಲು. ಮೂರು ವಾರ ಅದೊಂದೇ ದಾಟು. ಹೆಬ್ಬೆರಳಿನ ಉಗುರು ಕತ್ತರಿಸಿದ ದಿನ ಅರ್ಧ ಸರಿಹೋಯಿತು. ಉಳಿದರ್ಧ ನಾಲಿಗೆಯ ಕೆಲಸ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ನಡುವೆ ಹುಚ್ಚಾಟಗಳೂ ನಡೆದವು. ತಲೆಭಾಗದಲ್ಲಿ ಉಸಿರು ಹಾಯುವ ಸಂದಿನಲ್ಲಿ ಹನಿಗಟ್ಟಿ ಸ್ವರ ಕಟ್ಟಿಕೊಳ್ಳುತ್ತಿತ್ತು; ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟನ್ನು ನೀರಿಗೆ ಬೆರೆಸಿ ಆ ಸಂದಿನೊಳಗೆ ಹರಿಸಿ, ಒರೆಸದೆ ಒಣಗಲು ಬಿಟ್ಟೆ. ಹತ್ತು ದಿನ ತೊಂದರೆ ಇರಲಿಲ್ಲ. ಡಿಸೆಂಬರಿನಲ್ಲಿ ತಲೆಭಾಗ ಬೆಚ್ಚಗಾಗಲೆಂದು ಐದು ನಿಮಿಷ ಕಂಕುಳಲ್ಲಿಟ್ಟುಕೊಂಡು ಕೂರುತ್ತೇನೆ, ಹೆಂಡತಿ ನಗುತ್ತಾಳೆ. ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಬಳಿ ನಾಲ್ಕು ದಿನ ನುಡಿಸಿದೆ. ಬಯಲಿನಲ್ಲಿ ಸದ್ದು ಸಾಲದೆನಿಸಿ ಮತ್ತೆ ಹಳೆಯ ಊದಾಟಕ್ಕೇ ಬಿದ್ದೆ, ಬಿಟ್ಟುಬಿಟ್ಟೆ. ನಮ್ಮ ಕುಕ್ಕರಿನ ಸೀಟಿ ಯಾವ ಸ್ವರ ಎಂದೂ ಹುಡುಕಿದೆ. ಮೊದಲ ಸೀಟಿ ಒಂದು, ಮೂರನೆಯದು ಇನ್ನೊಂದು.

ರೆಕಾರ್ಡರಿನಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವುದು, ಬರುವುದಿಲ್ಲ ಎಂದವರಿಗೆ ಪೂರ್ತಿ ಉತ್ತರ ನನ್ನ ಬಳಿ ಇನ್ನೂ ಇಲ್ಲ. ಬೆರಳನ್ನು ಎತ್ತದೆ ರಂಧ್ರದಿಂದ ಪಕ್ಕಕ್ಕೆ ಜಾರಿಸಿದರೆ ಗಾಂಧಾರದ ಜಾರು ಸುಮಾರಾಗಿ ಬರುತ್ತದೆ. ಆದರೆ ಜಾರುವಾಗ ಶ್ರುತಿ ಏರುತ್ತದೆ, ಅಷ್ಟಕ್ಕೆ ಉಸಿರು ಇಳಿಸಬೇಕು. ಈಗ ಅದರ ಹಿಂದೆ ಬಿದ್ದಿದ್ದೇನೆ.

ಅತ್ತಿಗೆ ತಮ್ಮ ಮೊಮ್ಮಗಳಿಗೂ ಒಂದು ತರಲು ಹೇಳಿದ್ದಾರೆ. ಶನಿವಾರ ಬಳೇಪೇಟೆಗೆ ಹೋಗುತ್ತೇನೆ, ಈ ಸಲ ಐದನೆಯ ರಂಧ್ರ ನೋಡಿಯೇ ದುಡ್ಡು ಕೊಡುವುದು.