ಬಿಪಿ ಏರಿದ ಬಸುರಿಯರಿಗೆ ನಾನು ಡಾಪ್ಲರ್ ನೋಡುವ ರೀತಿ

ಡಾಪ್ಲರ್ ಎಂದರೆ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್. ಹುಬ್ಬಳ್ಳಿಯ ನನ್ನ ಸ್ಕ್ಯಾನ್ ಕೋಣೆಗೆ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಬಸುರಿಯರು ಬಂದಾಗ ನಾನು ಮೊದಲು ಕೇಳುವುದು ತಾಯಿ ಕಾರ್ಡ್. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿದೆಯೇ, ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗಿದೆಯೇ ನೋಡುತ್ತೇನೆ. ಆ ಮೊದಲ ಸ್ಕ್ಯಾನ್ ಇಲ್ಲದಿದ್ದರೆ ಕೂಸು ಬೆಳೆದಿಲ್ಲವೋ, ವಾರಗಳ ಲೆಕ್ಕವೇ ತಪ್ಪಿದೆಯೋ ಹೇಳುವುದು ಬಹಳ ಕಷ್ಟ.

ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ತಾಯಿಯ ಅಂಗಾಂಗಗಳಿಗೂ ತೊಂದರೆ ಕೊಡುವ ಕಾಯಿಲೆ) ಬೇಗ ಕಾಣಿಸಿಕೊಂಡವರಲ್ಲಿ ಬಹಳಷ್ಟು ಸಲ ಮಾಸಿಗೆ (ಪ್ಲಾಸೆಂಟಾ) ರಕ್ತ ಸಾಲುತ್ತಿರುವುದಿಲ್ಲ. ಹಾಗಾಗಿ ಕೂಸಿನ ಹೊಟ್ಟೆಯ ಸುತ್ತಳತೆ, ಕೂಸಿನ ಸುತ್ತಲಿನ ನೀರು ಅಳೆದು ಹೊಕ್ಕುಳಬಳ್ಳಿಗೆ ಬರುತ್ತೇನೆ. ಇಲ್ಲಿ ಅವಸರ ಸಲ್ಲದು. ಕೂಸು ಎದೆ ಆಡಿಸುತ್ತಿದ್ದರೆ ಸುಮ್ಮನಿರುವವರೆಗೆ ಕಾಯುತ್ತೇನೆ, ನೀರಿನಲ್ಲಿ ತೇಲುವ ಬಳ್ಳಿಯ ನಡುಭಾಗದಲ್ಲೇ ಅಳೆಯುತ್ತೇನೆ. ಕೂಸಿನ ಹೃದಯ ಎರಡು ಬಡಿತಗಳ ನಡುವೆ ಸಡಿಲಾದಾಗಲೂ ರಕ್ತ ಮಾಸಿನತ್ತ ಹರಿಯುತ್ತಿರಬೇಕು. ಮೊದಲು ಆ ಹರಿವು ಕುಗ್ಗುತ್ತದೆ, ಆಮೇಲೆ ನಿಲ್ಲುತ್ತದೆ, ಕೊನೆಗೆ ಹಿಂದಕ್ಕೆ ಹರಿಯುತ್ತದೆ. ಹಿಂದಕ್ಕೆ ಹರಿಯುವುದು ಕಂಡರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯುವುದಿಲ್ಲ, ಹೆರಿಗೆ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ.

ಮಿದುಳಿನ ರಕ್ತನಾಳವನ್ನೂ ನೋಡುತ್ತೇನೆ. ಆಮ್ಲಜನಕ ಕಡಿಮೆಯಾದಾಗ ಕೂಸು ಮಿದುಳಿಗೆ ಹೆಚ್ಚು ರಕ್ತ ಕಳಿಸಿಕೊಳ್ಳುತ್ತದೆ. ಆದರೆ ಇನ್ನೂ ತಿಂಗಳು ತುಂಬದ ಕೂಸನ್ನು ಅದೊಂದರ ಮೇಲೆಯೇ ಹೊರತೆಗೆಯಿರಿ ಎಂದು ನಾನು ಹೇಳುವುದಿಲ್ಲ. 32 ವಾರದೊಳಗಾದರೆ ಡಕ್ಟಸ್ ವಿನೋಸಸ್ (ಬಳ್ಳಿಯಿಂದ ಬಂದ ರಕ್ತವನ್ನು ಕೂಸಿನ ಹೃದಯದತ್ತ ಒಯ್ಯುವ ಸಣ್ಣ ರಕ್ತನಾಳ) ನೋಡಲೇಬೇಕು.

29 ವಾರದ ಒಬ್ಬಾಕೆಯಲ್ಲಿ ಬಳ್ಳಿಯ ಹರಿವು ನಿಂತಿತ್ತು, ಡಕ್ಟಸ್ ಚೆನ್ನಾಗಿತ್ತು. ಅದೇ ದಿನ ಸ್ಟೀರಾಯ್ಡ್ ಇಂಜೆಕ್ಷನ್ ಶುರುವಾಯಿತು, ದಿನಾ ಡಾಪ್ಲರ್ ನೋಡಿದೆವು. ಹರಿವು ಹಿಂದಕ್ಕೆ ತಿರುಗುವ ಹೊತ್ತಿಗೆ ಕೂಸಿನ ಪುಪ್ಪುಸಗಳಿಗೆ ಸಿಗಬೇಕಾದ ಔಷಧಿ ಸಿಕ್ಕಿತ್ತು, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬೆಡ್ ಸಿದ್ಧವಿತ್ತು. ಡಾಪ್ಲರ್‌ನಿಂದ ನಮಗೆ ಸಿಗುವುದು ಈ ಸಮಯವೇ.

ನಮ್ಮ ಕಡೆ ಏಳನೇ ತಿಂಗಳಿಗೆ ಕುಬಸ (ಸೀಮಂತ) ಮಾಡಿ ತವರಿಗೆ ಕಳಿಸುತ್ತಾರೆ. ಬೆಳವಣಿಗೆ ಕುಂಠಿತವಾಗುವುದು ಗೊತ್ತಾಗುವ ಹೊತ್ತಿಗೇ ಆಸ್ಪತ್ರೆ ಬದಲಾಗುತ್ತದೆ, ಹಳೆಯ ರಿಪೋರ್ಟ್ ಗಂಡನ ಮನೆಯಲ್ಲೇ ಉಳಿಯುತ್ತದೆ. ಅದಕ್ಕೇ ಕೂಸಿನ ತೂಕ, ಡಾಪ್ಲರ್ ಅಂಕಿಗಳನ್ನು ತಾಯಿ ಕಾರ್ಡ್ ಮೇಲೇ ಬರೆದುಕೊಡುತ್ತೇನೆ. ಗದಗಿನಲ್ಲಿ ನೋಡುವ ಡಾಕ್ಟರಿಗೆ ಇವತ್ತಿನ ಒಂದು ಅಂಕಿಗಿಂತ ಎರಡು ವಾರದಲ್ಲಿ ಏನು ಬದಲಾಯಿತು ಎಂಬುದು ಮುಖ್ಯ.

"ಸ್ಕ್ಯಾನ್ ನಾರ್ಮಲ್ ಐತಲ್ರಿ, ಇನ್ನೇನ್ ಚಿಂತಿಲ್ಲ" ಎನ್ನುವ ಮನೆಯವರನ್ನು ಕೂಡಿಸಿಕೊಂಡು ಹೇಳುತ್ತೇನೆ: ಈ ಡಾಪ್ಲರ್ ಹೇಳುವುದು ಕೂಸಿನ ಸ್ಥಿತಿ, ತಾಯಿಯದಲ್ಲ. ಡಾಪ್ಲರ್ ಚೆನ್ನಾಗಿದ್ದರೂ ಆಕೆಗೆ ಫಿಟ್ಸ್ ಬರಬಹುದು. ತಲೆಸಿಡಿತ, ಕಣ್ಣು ಮಂಜು, ಎದೆಗುಂಡಿ ನೋವು ಬಂದರೆ ರಾತ್ರಿಯಾದರೂ ಹೊರಡಿ. ಬಿಪಿ, ಪ್ಲೇಟ್‌ಲೆಟ್, ಲಿವರ್ ಪರೀಕ್ಷೆ ತಪ್ಪಿಸಬೇಡಿ.

ಒಮ್ಮೆ ಹೀಗಾದವರು ಮುಂದಿನ ಬಸಿರಿನಲ್ಲಿ 11ರಿಂದ 13 ವಾರದೊಳಗೇ ಬರಬೇಕು. ಆಗ ಗರ್ಭಕೋಶದ ರಕ್ತನಾಳದ ಡಾಪ್ಲರ್ ಮಾಡುತ್ತೇನೆ. ಅಪಾಯ ಹೆಚ್ಚಿದ್ದವರಿಗೆ 11ರಿಂದ 14 ವಾರದೊಳಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಶುರು ಮಾಡಿದರೆ 37 ವಾರಕ್ಕೂ ಮೊದಲು ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು 2017ರ ಆಸ್ಪ್ರೆ ಅಧ್ಯಯನ ತೋರಿಸಿದೆ. ಮಾತ್ರೆಯನ್ನು ಹೆರಿಗೆ ಡಾಕ್ಟರೇ ಬರೆದುಕೊಡುತ್ತಾರೆ, ತಾವಾಗಿ ನುಂಗಬಾರದು.