ಮೂರನೇ ನಾಯಿ ತರುವ ಮುಂಚೆ

ಮನೆಯಲ್ಲಿ ಆಗಲೇ ಎರಡು ನಾಯಿ ಇದ್ದರೆ ಹೊಸದನ್ನು ಸೀದಾ ಒಳಗೆ ಬಿಡಬೇಡಿ. ಬಳ್ಳಾರಿಯ ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ಹಳೇ ಹೆಣ್ಣುನಾಯಿ ಎರಡು ದಿನ ಅನ್ನ ಮುಟ್ಟಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿತ್ತು. ನೋಡಿ ತುಂಬಾ ಸಂಕಟ ಆಯಿತು.

ಆಮೇಲೆ ದಾರಿ ಬದಲಿಸಿದೆವು. ಬೆಳಿಗ್ಗೆ 6ಕ್ಕೇ, ಟಾರ್ ರಸ್ತೆ ಕಾಯುವ ಮುಂಚೆ, ಕೋಟೆ ಗುಡ್ಡದ ಕಡೆ ವಾಕಿಂಗ್. ಒಂದು ನಾಯಿಗೆ ಒಬ್ಬರು, ನಡುವೆ ಹತ್ತು ಹೆಜ್ಜೆ ಅಂತರ, ಹಗ್ಗ ಸಡಿಲ. ಹಳೆಯವನ್ನು ಒಂದೊಂದಾಗಿ ಭೇಟಿ ಮಾಡಿಸಿ, ಎರಡೂ ಒಟ್ಟಿಗೆ ಬೇಡ. ಮೈ ಬಿಗಿಹಿಡಿದು ದಿಟ್ಟಿಸಿ ನೋಡಿದರೆ ಸುಮ್ನೆ ದೂರ ಕರ್ಕೊಂಡು ಹೋಗಿ, ಗದರಬೇಡಿ.

ಊಟದ ತಟ್ಟೆ ಬೇರೆ ಬೇರೆ ಮೂಲೆಯಲ್ಲಿಡಿ. ಜಗಳ ಜಾಸ್ತಿ ಶುರುವಾಗೋದು ಅಲ್ಲೇ ಅಲ್ವಾ? ಹೊಸದು ಮರಿಯಾದರೆ ಪಾರ್ವೋ (ಮರಿಗಳಿಗೆ ಬರುವ ಅಪಾಯಕಾರಿ ವಾಂತಿ-ಭೇದಿ ರೋಗ) ಲಸಿಕೆ ಆಗಿದೆಯಾ ಅಂತ ಮೊದಲು ವಿಚಾರಿಸಿ.